ರಾಗಿಕಾಳಿಗಿಂತ ಚಿಕ್ಕದಕ್ಕೆ ಬೆಸುಗೆ

ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ... ಯಾವ ಊರಿನ ಪೇಟೆಬೀದಿಗೆ ಹೋದರೂ ಮೊಬೈಲ್ ರಿಪೇರಿ ಅಂಗಡಿ ಸಿಗುತ್ತೆ. ಅಲ್ಲಿನ ಕೈಚಳಕಕ್ಕೂ ಒಂದು ಇತಿಹಾಸ ಇದೆ ನೋಡಿ.

ಬೆಂಗಳೂರಿನಲ್ಲಿ 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್ ಶುರುವಾದಾಗ ಬಿಡಿಭಾಗಗಳಿಗೆ ಉದ್ದನೆಯ ತಂತಿ ಕಾಲುಗಳಿದ್ದವು. ವಾಲ್ವ್ ರೇಡಿಯೋದಲ್ಲಿ ಕಾಲನ್ನು ಟ್ಯಾಗಿಗೆ ಸಿಕ್ಕಿಸಿ, ಆಮೇಲೆ ಬಂದ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಬೋರ್ಡಿನ ತೂತಿಗೆ ಇಳಿಸಿ ಸಾಲ್ಡರ್ ಮಾಡುತ್ತಿದ್ದರು. ದಪ್ಪ ಐರನ್ ಇದ್ದರೂ ನಡೆಯುತ್ತಿತ್ತು.

1980ರ ದಶಕದಲ್ಲಿ ತಂತಿ ಕಾಲೇ ಇಲ್ಲದ ಸರ್ಫೇಸ್ ಮೌಂಟ್ ಭಾಗಗಳು ಜಗತ್ತಿನ ಕಾರ್ಖಾನೆಗಳಲ್ಲಿ ಹರಡಿದವು. ಯಂತ್ರ ಅವನ್ನು ಬೋರ್ಡಿನ ಮೇಲೆ ಕೂರಿಸುತ್ತೆ, ಬಿಸಿ ಓವನ್ ಒಟ್ಟಿಗೇ ಬೆಸೆಯುತ್ತೆ. 0402 ಅನ್ನೋ ರೆಸಿಸ್ಟರಿನ ಉದ್ದ 1 ಮಿ.ಮೀ., ಅಗಲ ಅರ್ಧ ಮಿ.ಮೀ. ನಮ್ಮ ರಾಗಿಕಾಳಿಗಿಂತ ಚಿಕ್ಕದು!

ಇನ್ನೊಂದು ಕಷ್ಟವೂ ಸೇರಿತು. 2006ರ ಜುಲೈ 1ರಿಂದ ಯುರೋಪ್ ಬಹುತೇಕ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸಕ್ಕೆ ಕಡಿವಾಣ ಹಾಕಿತು. ಹಳೆಯ ತವರ-ಸೀಸದ ಸಾಲ್ಡರ್ 183 ಡಿಗ್ರಿಗೆ ಕರಗುತ್ತಿತ್ತು. ಸೀಸವಿಲ್ಲದ್ದಕ್ಕೆ ಸುಮಾರು 217 ಬೇಕು. ಶಾಖ ಹೆಚ್ಚಾದರೆ ಬೋರ್ಡಿನ ತಾಮ್ರವೇ ಕಿತ್ತು ಬರುತ್ತೆ.

ಆದರೂ ರಿಪೇರಿಯವರು ಬಿಡಲಿಲ್ಲ. ಕಣ್ಣಿಗೆ ಸೂಕ್ಷ್ಮದರ್ಶಕ, ಕೈಗೆ ಚಿಮುಟ, ಬಿಸಿಗಾಳಿ ಯಂತ್ರ, ಸ್ವಲ್ಪ ಫ್ಲಕ್ಸ್. ಮೊದಲು ಒಂದು ತುದಿಗೆ ಸಾಲ್ಡರ್ ಹಚ್ಚಿ ಭಾಗವನ್ನು ನಿಲ್ಲಿಸಿ, ಆಮೇಲೆ ಇನ್ನೊಂದು ತುದಿ. ಫ್ಲಕ್ಸ್ ಸರಿಯಿದ್ದರೆ ಕರಗಿದ ಸಾಲ್ಡರೇ ಅದನ್ನು ಎಳೆದು ನೆಟ್ಟಗೆ ಕೂರಿಸುತ್ತೆ.

ಈ ಕೆಲಸ ಪುಸ್ತಕ ಓದಿದರಷ್ಟೇ ಬರಲ್ಲ, ಒಬ್ಬರ ಪಕ್ಕ ಕೂತು ಕಲೀಬೇಕು. ಕಲಿಯೋರು ಇಲ್ಲದಿದ್ದರೆ ಇಷ್ಟು ಚಿಕ್ಕ ಭಾಗ ಸುಟ್ಟಿದ್ದಕ್ಕೆ ಇಡೀ ಫೋನು ಕಸಕ್ಕೆ ಹೋಗುತ್ತೆ, ಅಲ್ವಾ?