ಮರೆತುಹೋದ ಒಂದಕ್ಷರ

ಮಾತುಗಳ ಬರವಣಿಗೆಯ ವಿಷಯದಲ್ಲಿ ಓದುಬಲ್ಲವರೆಲ್ಲರಿಗೂ ಒಂದು ದೃಢವಾದ ನಂಬಿಕೆಯುಂಟು: ತಾವು ಬರೆಯುವ ರೂಪವೇ ಮೊದಲಿನಿಂದಲೂ ಇದ್ದುದು, ಬೇರೆ ರೂಪಗಳೆಲ್ಲವೂ ಈಚಿನವರ ಅಜ್ಞಾನದಿಂದ ಹುಟ್ಟಿದವು. ‘ಹಳೆಯ’ ಎಂಬ ಮಾತನ್ನು ಹೇಗೆ ಬರೆಯಬೇಕೆಂದು ಕೇಳಿದರೆ ಶಾಲೆಯ ಬಾಲಕನಿಂದ ಮನೆಯ ಹಿರಿಯರವರೆಗೆ ಎಲ್ಲರೂ ನಿಸ್ಸಂದೇಹವಾಗಿ ಒಂದೇ ಉತ್ತರವನ್ನು ಕೊಡುವರು. ‘ಮಳೆ’, ‘ಬಾಳೆ’, ‘ಕೋಳಿ’, ‘ಏಳು’ ಎಂಬ ಮನೆಮಾತುಗಳ ವಿಷಯದಲ್ಲಿಯೂ ಹೀಗೆಯೇ. ಆದರೆ 941ರಲ್ಲಿ ತನ್ನ ಭಾರತವನ್ನು ಮುಗಿಸಿದ ಪಂಪನ ಕಾಲದ ಲಿಪಿಕಾರನಿಗೆ ಈ ಐದು ಮಾತುಗಳನ್ನು ತೋರಿಸಿದ್ದರೆ, ಅವನು ಐದರಲ್ಲಿಯೂ ತಪ್ಪನ್ನು ಎತ್ತಿ ಆಡುತ್ತಿದ್ದನು. ಅವನು ಬಲ್ಲ ರೂಪಗಳು ಪೞೆಯ, ಮೞೆ, ಬಾೞೆ, ಕೋೞಿ, ಏೞು. ಇಂದು ಯಾರ ನೆನಪಿನಲ್ಲಿಯೂ ಇಲ್ಲದ ಈ ‘ೞ’ ಎಂಬ ಅಕ್ಷರವು ಒಂದು ಕಾಲದಲ್ಲಿ ಕನ್ನಡಿಗರೆಲ್ಲರ ನಾಲಗೆಯ ಮೇಲಿದ್ದಿತು.

ಇದರ ಧ್ವನಿ ಇಂದಿನ ಳಕಾರದ ಧ್ವನಿಯಲ್ಲ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ಪೂರ್ತಿಯಾಗಿ ತಾಗಿಸದೆ ನುಡಿಯುವ ಈ ಧ್ವನಿಯು ತಮಿಳು ಮಲೆಯಾಳಗಳಲ್ಲಿ ಈಗಲೂ ಉಳಿದಿದೆ; ತಮಿಳೆಂಬ ಹೆಸರಿನ ಕೊನೆಯಲ್ಲಿ ಆ ನಾಡಿನವರು ಉಚ್ಚರಿಸುವುದು ಇದನ್ನೇ. ಸಂಸ್ಕೃತದಲ್ಲಿ ಈ ಧ್ವನಿಯಿಲ್ಲ. ಆದುದರಿಂದ ಕೇಶಿರಾಜನು ಸು. 1260ರ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಎ, ಒ, ಱ, ಳಗಳೊಡನೆ ಸೇರಿಸಿ ದೇಶೀಯವೆಂದು ಎಣಿಸಿದನು. ಕನ್ನಡದ ಸ್ವಂತ ಳಕಾರಕ್ಕೆ ‘ಕುಳ’ವೆಂದೂ, ಸಂಸ್ಕೃತದ ಲಕಾರದಿಂದ ಬಂದ ಳಕಾರಕ್ಕೆ ‘ಕ್ಷಳ’ವೆಂದೂ, ಈ ೞಕಾರಕ್ಕೆ ‘ರೞ’ವೆಂದೂ ಲಾಕ್ಷಣಿಕರು ಹೆಸರಿಟ್ಟಿದ್ದರು.

ಇದು ಕೇವಲ ಲಿಪಿಯ ಅಲಂಕಾರವಾಗಿರಲಿಲ್ಲ; ಅರ್ಥಭೇದಕ್ಕೆ ಆಧಾರವಾಗಿದ್ದಿತು. ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಆಳ್’ ಎಂದರೆ ಒಡೆತನ ಮಾಡು, ‘ಆೞ್’ ಎಂದರೆ ಮುಳುಗು. ಇಂದು ‘ಕೇಳು’, ‘ಹೇಳು’ ಎಂಬ ಮಾತುಗಳು ಅಣ್ಣತಮ್ಮಂದಿರಂತೆ ಕಿವಿಗೆ ಕೇಳಿಸುತ್ತವೆ. ಅಂದು ಅವು ‘ಕೇಳ್’, ‘ಪೇೞ್’ ಆಗಿದ್ದು, ಅವುಗಳಿಗೆ ಪ್ರಾಸದ ನಂಟು ಇರಲಿಲ್ಲ. ಶಕಟರೇಫವೆನಿಸಿದ ಱಕಾರದ ಸ್ಥಿತಿಯೂ ಹೀಗೆಯೇ. ಕೂಗುವುದಕ್ಕೆ ‘ಕರೆ’, ಹಾಲನ್ನು ಹಿಂಡುವುದಕ್ಕೆ ‘ಕಱೆ’. ಸಮುದ್ರದ ಅಲೆಗೆ ‘ತೆರೆ’, ಬಾಗಿಲನ್ನು ತೆಗೆಯುವುದಕ್ಕೆ ‘ತೆಱೆ’. ಮರದ ‘ಬೇರ್’ಗೂ ‘ಬೇಱೆ’ ಎಂಬುದಕ್ಕೂ ರೇಫವೇ ಬೇರೆಯಾಗಿದ್ದಿತು.

ೞಕಾರವು ಒಂದು ದಿನದಲ್ಲಿ ಹೋದುದಲ್ಲ; ಯಾರೂ ಅದನ್ನು ಸಭೆಸೇರಿ ತೆಗೆದುಹಾಕಿದುದೂ ಅಲ್ಲ. ಎರಡು ಸ್ವರಗಳ ನಡುವೆ ಅದು ಮೆಲ್ಲನೆ ಳಕಾರದಲ್ಲಿ ಕರಗಿತು. ವ್ಯಂಜನದ ಹಿಂದೆ ಇದ್ದಾಗ ರೇಫವಾಗಿ, ಆಮೇಲೆ ಮುಂದಿನ ವ್ಯಂಜನದಲ್ಲಿಯೇ ಅಡಗಿಹೋಯಿತು. ‘ಗೞ್ದೆ’ ಎಂಬುದು ‘ಗರ್ದೆ’ಯಾಗಿ ‘ಗದ್ದೆ’ಯಾಯಿತು, ‘ಪೊೞ್ತು’ ‘ಪೊರ್ತು’ ಆಗಿ ‘ಹೊತ್ತು’ ಆಯಿತು, ‘ಬಿೞ್ದು’ ‘ಬಿರ್ದು’ ಆಗಿ ‘ಬಿದ್ದು’ ಆಯಿತು, ‘ಕೞ್ತೆ’ಯು ‘ಕತ್ತೆ’ಯಾಗಿ ಉಳಿದಿದೆ. ಹನ್ನೆರಡನೆಯ ಶತಮಾನದ ಹೊತ್ತಿಗೆ ಬಾಯಿಂದ ಅದು ಹೆಚ್ಚುಕಡಮೆ ಜಾರಿಹೋಗಿದ್ದಿತೆಂದು ಶಾಸನಗಳ ಬರವಣಿಗೆಯಿಂದ ಊಹಿಸಬಹುದಾಗಿದೆ.

ವಿಚಾರಮಾಡತಕ್ಕ ಸಂಗತಿಯು ಇಲ್ಲಿಯೇ ಇದೆ. ಧ್ವನಿಯು ಹೋದ ಮೇಲೆಯೂ ಅಕ್ಷರವು ಕೆಲವು ಕಾಲ ಉಳಿಯಿತು. ಲಿಪಿಕಾರನಿಗೆ ಅದನ್ನು ಬರೆಯಲು ಬರುತ್ತಿದ್ದಿತು. ಎಲ್ಲಿ ಬರೆಯಬೇಕೆಂಬುದನ್ನು ತಿಳಿಸಲು ಕಿವಿಯ ಸಹಾಯ ಮಾತ್ರ ಇರಲಿಲ್ಲ. ಆದುದರಿಂದ ೞಕಾರವಿರಬೇಕಾದ ಕಡೆಯಲ್ಲಿ ಳಕಾರವೂ, ಳಕಾರವಿರಬೇಕಾದ ಕಡೆಯಲ್ಲಿ ೞಕಾರವೂ ಕಾಣಿಸಿಕೊಂಡವು. ಇವುಗಳಲ್ಲಿ ಮೊದಲನೆಯದು ಮರವೆ. ಎರಡನೆಯದು ಮರವೆಗಿಂತಲೂ ವಿಚಿತ್ರವಾದುದು. ಎಂದೂ ಇಲ್ಲದಿದ್ದುದನ್ನು ಇದ್ದಿತೆಂದು ನೆನೆಯುವುದು. ಪ್ರಾಚೀನತೆಯಲ್ಲಿ ಗೌರವವಿದ್ದ ಲಿಪಿಕಾರನೇ ಈ ಎರಡನೆಯ ತಪ್ಪಿಗೆ ಹೆಚ್ಚಾಗಿ ಒಳಗಾಗುತ್ತಿದ್ದನು. ಅವನು ಅಸಡ್ಡೆಯಿಂದ ಕೆಡಿಸಿದವನಲ್ಲ, ಶ್ರದ್ಧೆಯಿಂದ ಕೆಡಿಸಿದವನು.

ಹಾಗಾದರೆ ಸರಿಯಾದ ರೂಪವು ಇಂದಿನವರಿಗೆ ತಿಳಿದುದು ಹೇಗೆ? ಇದಕ್ಕೆ ಸಾಕ್ಷಿಗಳು ಮೂರು. ಸೋದರಭಾಷೆಗಳು ಮೊದಲನೆಯ ಸಾಕ್ಷಿ. ಎರಡನೆಯದು ಕನ್ನಡ ಪದ್ಯದ ದ್ವಿತೀಯಾಕ್ಷರಪ್ರಾಸ. ಪದ್ಯದ ಪ್ರತಿಪಾದದಲ್ಲಿಯೂ ಎರಡನೆಯ ಅಕ್ಷರದ ವ್ಯಂಜನವು ಒಂದೇ ಆಗಿರಬೇಕೆಂಬುದು ನಿಯಮ. ಪ್ರಾಚೀನಕವಿಗಳು ೞಕಾರಕ್ಕೆ ಳಕಾರವನ್ನು ಪ್ರಾಸವಾಗಿ ಇಡುತ್ತಿರಲಿಲ್ಲ. ಆದುದರಿಂದ ಓಲೆಯ ಪ್ರತಿಯನ್ನು ನಕಲು ಮಾಡಿದವನು ಒಂದು ಪಾದದಲ್ಲಿ ತಪ್ಪಿದರೂ ಉಳಿದ ಪಾದಗಳು ಅವನ ತಪ್ಪನ್ನು ಹೇಳಿಕೊಡುತ್ತವೆ. ಸು. 1200ರಲ್ಲಿದ್ದ ಹರಿಹರನಲ್ಲಿ ರಳ ಕುಳ ಕ್ಷಳಗಳ ಈ ಕಟ್ಟು ಸಡಿಲವಾಯಿತು. ಜನರ ಕಿವಿಗೆ ಕೇಳಿಸದ ಭೇದವನ್ನು ಜನರಿಗಾಗಿ ಬರೆದ ಕವಿಯು ಬಿಟ್ಟುದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯ ಸಾಕ್ಷಿಯು ಕೇಶಿರಾಜನೇ. ಮಲ್ಲಿಕಾರ್ಜುನನ ಮಗನೂ ಜನ್ನನ ಸೋದರಳಿಯನೂ ಆದ ಈ ವೈಯಾಕರಣನು ಪೂರ್ವಕವಿಗಳ ಪ್ರಯೋಗವನ್ನು ಆಧರಿಸಿ ರೞವುಳ್ಳ ಮಾತುಗಳನ್ನು ಒಂದೊಂದಾಗಿ ಎತ್ತಿ ಪಟ್ಟಿಮಾಡಿದನು. ಎಲ್ಲರೂ ನುಡಿಯುವ ಅಕ್ಷರಕ್ಕೆ ಪಟ್ಟಿಯ ಅಗತ್ಯವಿರುವುದಿಲ್ಲ. ಕನ್ನಡದಲ್ಲಿ ಕಕಾರವುಳ್ಳ ಮಾತುಗಳು ಯಾವುವೆಂದು ಯಾವ ವೈಯಾಕರಣನೂ ಎಣಿಸಿಲ್ಲ. ಪಟ್ಟಿಯನ್ನು ಮಾಡಬೇಕಾಯಿತೆಂಬುದೇ ಆ ಅಕ್ಷರವು ಬಾಯಿಂದ ಹೊರಟುಹೋಗಿದ್ದಿತೆಂಬುದಕ್ಕೆ ಸಾಕಾದ ಪ್ರಮಾಣ.

ಕೇಶಿರಾಜನ ಪ್ರಯತ್ನವು ಸಫಲವಾಯಿತೇ? ಆಡುವ ಮಾತನ್ನು ಹಿಂದಕ್ಕೆ ತಿರುಗಿಸುವುದು ಅವನಿಂದ ಆಗಲಿಲ್ಲ. ಮುಂದಿನ ತಲೆಮಾರುಗಳು ಮಳೆಗೆ ‘ಮಳೆ’ ಎಂದೇ ಬರೆದು, ಅದನ್ನೇ ಅನಾದಿಯೆಂದು ತಿಳಿದವು. ಆದರೆ ಅವನ ಪಟ್ಟಿಯು ವ್ಯರ್ಥವಾಗಲಿಲ್ಲ. ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಕಿಟ್ಟೆಲರು 1894ರ ತಮ್ಮ ನಿಘಂಟಿನಲ್ಲಿ ಱ, ೞಗಳುಳ್ಳ ಹಳೆಯ ರೂಪಗಳನ್ನು ಬೇರ್ಪಡಿಸಿ ತೋರಿಸಿದರು. ಪಂಪರನ್ನರ ಕಾವ್ಯಗಳನ್ನು ಶೋಧಿಸಿದ ವಿದ್ವಾಂಸರಿಗೆ ಕತ್ತಿಯ ‘ಬಾಳ್’ ಯಾವುದು, ಬದುಕಿನ ‘ಬಾೞ್’ ಯಾವುದೆಂದು ವಿಂಗಡಿಸುವ ದಾರಿಯು ಹೀಗೆ ಉಳಿಯಿತು. ನಡೆಯುವ ಭಾಷೆಯನ್ನು ತಡೆಯಲಾರದ ವ್ಯಾಕರಣವು, ನಡೆದುಹೋದ ಭಾಷೆಯ ಬಾಗಿಲಿಗೆ ಬೀಗದಕೈಯನ್ನು ಉಳಿಸಿಕೊಟ್ಟಿತು.

ಇಂದಿನ ಬರವಣಿಗೆಯಲ್ಲಿಯೂ ಇಂತಹ ಸಾಮೂಹಿಕವಾದ ತಪ್ಪು ನೆನಪುಗಳು ಕಡಮೆಯಿಲ್ಲ. ದಡವನ್ನು ಉಜ್ಜಿಕೊಂಡು ಹರಿಯುವ ಹೊಳೆಗೆ ಹೇಳಿದ ‘ಕೂಲಂಕಷ’ವು, ಆನೆಯ ಅಂಕುಶದ ನೆನಪಿನಿಂದಲೋ ಏನೋ, ಅನೇಕರ ಕೈಯಲ್ಲಿ ‘ಕೂಲಂಕುಷ’ವಾಗಿದೆ. ಶುಭವಾದ ಆಶಯವು ‘ಶುಭಾಷಯ’ವಾಗಿದೆ. ‘ಅನನುಕೂಲ’ವು ‘ಅನಾನುಕೂಲ’ವಾಗಿ, ‘ಜಾತ್ಯತೀತ’ವು ‘ಜಾತ್ಯಾತೀತ’ವಾಗಿ ಎಷ್ಟು ರೂಢವಾಗಿವೆಯೆಂದರೆ, ಸರಿಯಾದ ರೂಪವನ್ನು ಕಂಡವರು ಅದನ್ನೇ ಅಚ್ಚಿನ ತಪ್ಪೆಂದು ತಿದ್ದುವುದುಂಟು. ಇಂತಹ ತಪ್ಪುಗಳನ್ನು ತೋರಿಸಿಕೊಡುವುದು ಯುಕ್ತವೇ. ಆದರೆ ತೋರಿಸುವವನು ‘ಹಳೆಯ ರೂಪವೇ ಸರಿ’ ಎಂದು ಗದರಿಸುವಾಗ, ಆ ‘ಹಳೆಯ’ ಎಂಬ ಮಾತನ್ನೇ ಹಳೆಯ ರೂಪದಲ್ಲಿ ತಾನು ಬರೆದಿಲ್ಲವೆಂಬುದನ್ನು ನೆನೆದರೆ ಅವನ ದನಿಯು ತಾನಾಗಿಯೇ ತಗ್ಗೀತು.

ೞಕಾರದ ಚರಿತ್ರೆಯಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. ಪ್ರಪಂಚದ ಲಿಪಿಗಳನ್ನೆಲ್ಲ ಗಣಕಯಂತ್ರಕ್ಕೆ ಅಳವಡಿಸಿದ ಯೂನಿಕೋಡ್ ಎಂಬ ಸಂಕೇತಾವಳಿಯಲ್ಲಿ ಈ ಅಕ್ಷರಕ್ಕೂ ಸ್ಥಾನ ದೊರೆತಿದೆ. ಆದರೆ ಹೆಸರಿಡುವಾಗ ತಪ್ಪಿ, ಇದನ್ನು ‘ಫಾ’ ಎಂದು ದಾಖಲುಮಾಡಿದರು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ವ್ಯವಸ್ಥೆಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪರ್ಯಾಯನಾಮವೆಂದು ಪಕ್ಕದಲ್ಲಿ ಸೇರಿಸಿದ್ದಾರೆ. ತಪ್ಪು ಹೆಸರು ಹಾಗೆಯೇ ಇದೆ. ಏಳೆಂಟು ಶತಮಾನಗಳ ಹಿಂದೆ ಲಿಪಿಕಾರನ ಕಂಟದಿಂದ ಆದ ಅನ್ಯಾಯವೇ ಈ ಅಕ್ಷರಕ್ಕೆ ಯಂತ್ರದ ಕಾಲದಲ್ಲಿಯೂ ಆಯಿತು.

ಕವಿರಾಜಮಾರ್ಗಕಾರನು ಸು. 850ರಲ್ಲಿಯೇ ತನಗಿಂತ ಹಿಂದಿನ ನುಡಿಯನ್ನು ‘ಪೞಗನ್ನಡ’ವೆಂದು ಕರೆದನು. ಇಂದು ಅದೇ ಮಾತನ್ನು ‘ಹಳಗನ್ನಡ’ವೆಂದು ಬರೆಯುತ್ತಾರೆ. ಆ ನುಡಿಯ ಹೆಸರಿನಲ್ಲಿಯೇ ಎರಡು ಅಕ್ಷರಗಳು ಬದಲಾಗಿಹೋದುವೆಂಬುದನ್ನು ಅರಿತು ಬರೆಯುವವರು ಕೆಲವರಾದರೂ ಇರುವವರೆಗೆ, ಕೇಶಿರಾಜನ ಪಟ್ಟಿಯು ಕೆಲಸ ಮಾಡುತ್ತಲೇ ಇದೆಯೆಂದು ತಿಳಿಯಬೇಕು.