ಹೆಸರು ಹೇಳಿದ ಹಾಡುಗಾರ್ತಿ

ಬೀದರಿನಲ್ಲಿ ಬಿದರಿ ಕೆಲಸವನ್ನು ಕಣ್ಣಾರೆ ಕಂಡವರಿಗೆ ಅದರ ಕ್ರಮ ಗೊತ್ತು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೈಮೇಲೆ ಉಳಿಯಿಂದ ಸಣ್ಣ ಗೆರೆಗಳನ್ನು ಕೊರೆಯುತ್ತಾರೆ. ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ದ್ರವದಲ್ಲಿ ಕಾಯಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇಂಥ ಹಳೆಯ ಪಾತ್ರೆಗಳು ದೂರದೇಶಗಳ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಆದರೆ ಅವುಗಳನ್ನು ಮಾಡಿದವನು ಯಾರೆಂದು ಕೇಳಿದರೆ ಸಾಮಾನ್ಯವಾಗಿ ಉತ್ತರವಿಲ್ಲ. ಕೈಚಳಕ ಉಳಿಯಿತು, ಹೆಸರು ಉಳಿಯಲಿಲ್ಲ. ಬೀದರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವು ಅಷ್ಟು ಸಂತೋಷಪಟ್ಟದ್ದಕ್ಕೆ ಇದೂ ಒಂದು ಕಾರಣವಿರಬೇಕು: ಎಷ್ಟೋ ತಲೆಮಾರುಗಳ ಅನಾಮಧೇಯ ದುಡಿಮೆಗೆ ಕೊನೆಗೂ ಒಂದು ಹೆಸರು ಸಿಕ್ಕಿತ್ತು.

ತಟ್ಟೆಯ ಮೇಲೆ ಗೆರೆ ಕೊರೆಯುವ ಇನ್ನೊಂದು ಕಸುಬು 1902ರಲ್ಲಿ ನಮ್ಮ ದೇಶಕ್ಕೆ ಬಂದಿತು. ಅದು ಗ್ರಾಮಫೋನು. ಆ ಕಪ್ಪು ತಟ್ಟೆಗಳ ಮೇಲೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿ ಅಚ್ಚೊತ್ತಿದ ಒಬ್ಬ ಕಲಾವಿದೆಯ ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಆಕೆ ಗೌಹರ್ ಜಾನ್. ಹುಟ್ಟಿದ್ದು ಉತ್ತರದ ಆಜಂಗಢದಲ್ಲಿ, 1873ರಲ್ಲಿ; ಕಣ್ಮುಚ್ಚಿದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ.

ಹುಟ್ಟಿದಾಗ ಆಕೆಯ ಹೆಸರು ಏಂಜಲೀನಾ ಯೋವರ್ಡ್. ತಂದೆ ರಾಬರ್ಟ್ ಯೋವರ್ಡ್ ಆರ್ಮೇನಿಯನ್ ಮೂಲದವನು, ತಾಯಿ ವಿಕ್ಟೋರಿಯಾ. ಆ ದಾಂಪತ್ಯ ಮುರಿದುಬಿದ್ದಿತು. ತಾಯಿ ಮಗಳನ್ನು ಕರೆದುಕೊಂಡು ಕಾಶಿಗೆ ಬಂದು, ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ಮಲ್ಕಾ ಜಾನ್ ಎಂಬ ಹೆಸರಿನಿಂದ ಗಾಯಕಿಯಾಗಿ, ಉರ್ದು ಕವಯಿತ್ರಿಯಾಗಿ ಪ್ರಸಿದ್ಧಳಾದಳು. ಮಗಳು ಗೌಹರ್ ಆದಳು. ಗೌಹರ್ ಎಂದರೆ ರತ್ನ. 1883ರ ಸುಮಾರಿಗೆ ತಾಯಿಮಕ್ಕಳು ಕಲಕತ್ತೆಯಲ್ಲಿ ನೆಲೆಸಿದರು. ಕಥಕ್ ನೃತ್ಯದ ಮಹಾಗುರು ಬಿಂದಾದೀನ್ ಮಹಾರಾಜರಿಂದ ಗೌಹರಳಿಗೆ ನೃತ್ಯದ ಪಾಠವಾಯಿತು. ಗಾಯನವನ್ನು ಬೇರೆ ಬೇರೆ ಉಸ್ತಾದರಿಂದ ಕಲಿತಳು. 1887ರಲ್ಲಿ ದರ್ಭಂಗಾದ ದರ್ಬಾರಿನಲ್ಲಿ ಮೊದಲ ಬಾರಿಗೆ ಹಾಡಿದಳು.

ಮೆಹಫಿಲ್ ಎಂದರೆ ಬರಿಯ ಹಾಡಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಹಾಡುಗಾರ್ತಿಯೇ ಮೇಳದ ಒಡತಿ. ಸಾರಂಗಿಯವರು, ತಬಲದವರು ವಾದ್ಯವನ್ನು ಸೊಂಟಕ್ಕೆ ಕಟ್ಟಿಕೊಂಡು ಆಕೆಯ ಹಿಂದೆ ನಿಂತು, ಆಕೆ ನಡೆದಂತೆ ನಡೆದು, ತಿರುಗಿದಂತೆ ತಿರುಗಿ ನುಡಿಸುತ್ತಿದ್ದರು. ಠುಮ್ರಿಯ ಒಂದೇ ಸಾಲನ್ನು ಹತ್ತು ಸಲ ಹಾಡಿ, ಹತ್ತು ಸಲವೂ ಕಣ್ಣು, ಹುಬ್ಬು, ಬೆರಳುಗಳಿಂದ ಬೇರೆ ಅರ್ಥವನ್ನು ತೋರುವುದೇ ಆ ಕಲೆಯ ಸಾರ. ಅದಕ್ಕೆ ಕಾಲದ ಮಿತಿಯಿಲ್ಲ. ಇರುಳು ಕಳೆದು ಬೆಳಗಾದರೂ ಆದೀತು.

ಗ್ರಾಮಫೋನ್ ಕಂಪನಿಯ ತಜ್ಞ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಕುಳಿತನು. ಮೊದಲು ಹಾಡಿದವರು ಶಶಿಮುಖಿ, ಫಣಿಬಾಲಾ ಎಂಬ ರಂಗಭೂಮಿಯ ಇಬ್ಬರು ಹುಡುಗಿಯರು. ಅವರ ದನಿ ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಕೆಲವೇ ದಿನಗಳಲ್ಲಿ ಗೌಹರ್ ಜಾನ್ ಬಂದಳು. ಆಕೆ ಬಂದಾಗಲೆಲ್ಲ ಹೊಸ ಉಡುಪು, ಹೊಸ ಒಡವೆ ಇರುತ್ತಿತ್ತೆಂದು ಗೈಸ್‌ಬರ್ಗ್ ಮುಂದೆ ನೆನೆದಿದ್ದಾನೆ. ಆದರೆ ಯಂತ್ರಕ್ಕೆ ಒಡವೆ ಕಾಣುವುದಿಲ್ಲ, ಅಭಿನಯವೂ ಕಾಣುವುದಿಲ್ಲ. ಆಗ ಮೈಕು ಇರಲಿಲ್ಲ. ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ತಲೆ ಅತ್ತಿತ್ತ ಹೊರಳಿದರೆ ದನಿ ತಟ್ಟೆಯ ಮೇಲೆ ಕೂರುವುದಿಲ್ಲ. ಜೀವಮಾನವೆಲ್ಲ ಕುಣಿದು ಹಾಡಿದವಳು ಕಂಬದಂತೆ ನಿಲ್ಲಬೇಕಾಯಿತು. ಇರುಳಿಡೀ ಬೆಳೆಯುತ್ತಿದ್ದ ಹಾಡು ಸುಮಾರು ಮೂರು ನಿಮಿಷಕ್ಕೆ ಇಳಿಯಬೇಕಾಯಿತು. ಎಷ್ಟೋ ಮಂದಿ ಉಸ್ತಾದರು ಈ ಯಂತ್ರಕ್ಕೆ ಹೆದರಿ, ಹೇಸಿ ದೂರ ಉಳಿದರು. ಗೌಹರ್ ಮಾತ್ರ ಅದರ ಮರ್ಮವನ್ನು ಹಿಡಿದಳು: ಎತ್ತುಗಡೆ, ಅಂತರಾ, ಒಂದಿಷ್ಟು ತಾನ, ಮುಕ್ತಾಯ ಎಲ್ಲವನ್ನೂ ಆ ಮೂರು ನಿಮಿಷದಲ್ಲಿ ಅಡಕಿಸಿದಳು. ಇಂದಿನ ಮೂರು ನಿಮಿಷದ ಹಾಡಿನ ಅಚ್ಚು ನಮ್ಮಲ್ಲಿ ಸಿದ್ಧವಾದದ್ದು ಇಂಥವರ ಕೈಯಲ್ಲಿ.

ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ, ನನ್ನ ಹೆಸರು ಗೌಹರ್ ಜಾನ್, ಎಂದು ಕೂಗಿ ಹೇಳುತ್ತಿದ್ದಳು. ಇದರ ಹಿಂದೆ ವ್ಯಾಪಾರದ ಅಗತ್ಯವಿತ್ತು. ಮೇಣದ ಮೂಲತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗುತ್ತಿದ್ದವು. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿದು ಚೀಟಿ ಅಂಟಿಸಬೇಕಲ್ಲ! ಕಲಕತ್ತೆಯಲ್ಲಿಯೇ ಕಾರ್ಖಾನೆ ಆದದ್ದು 1908ರಲ್ಲಿ. ಆದರೂ ಆ ಕೂಗನ್ನು ಕೇಳಿದಾಗಲೆಲ್ಲ ನನಗೆ ಅದರಲ್ಲಿ ವ್ಯಾಪಾರಕ್ಕಿಂತ ದೊಡ್ಡದೊಂದು ಕೇಳಿಸುತ್ತದೆ. ನಾಚ್ ವಿರೋಧಿ ಚಳವಳಿ ಬಲವಾಗಿದ್ದ ಕಾಲವದು. ಕುಣಿದು ಹಾಡುವ ಹೆಂಗಸಿನ ಹೆಸರನ್ನು ಮರ್ಯಾದಸ್ಥರು ಮನೆಯೊಳಗೆ ಎತ್ತುತ್ತಿರಲಿಲ್ಲ. ತಟ್ಟೆಯ ಮೂಲಕ ಅದೇ ಹೆಸರು ಅದೇ ಮನೆಗಳ ನಡುಮನೆಯನ್ನು ಹೊಕ್ಕಿತು. ಆಕೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು ಆರುನೂರು ಹಾಡುಗಳನ್ನು ಮುದ್ರಿಸಿದಳೆಂದು ಲೆಕ್ಕ. 1911ರ ದಿಲ್ಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕೀಬಾಯಿಯೊಡನೆ ಐದನೆಯ ಜಾರ್ಜ್ ದೊರೆಯ ಮುಂದೆ ಹಾಡಿದಳು.

ಆ ಕಾಲದ ಬೀದರ್, ಭಾಲ್ಕಿ, ಔರಾದ್ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿತ್ತು. ಕಚೇರಿ, ಶಾಲೆಗಳ ಭಾಷೆ ಉರ್ದು. ಮನೆಮಾತು ಕನ್ನಡ, ಮರಾಠಿ, ತೆಲುಗು. ಗೌಹರಳ ಗಜಲು, ದಾದರಾಗಳ ನುಡಿ ಮೈಸೂರಿನ ಕಿವಿಗೆ ಪರದೇಶಿಯಾಗಿದ್ದೀತು. ನಮ್ಮ ಕಿವಿಗೆ ಅದು ಪೇಟೆಯ, ಪಾಠಶಾಲೆಯ ಪರಿಚಿತ ನುಡಿ. ಭಾಷೆಯಿಂದ ಭಾಷೆಗೆ ಒಂದೇ ದಿನದಲ್ಲಿ ಹತ್ತು ಸಲ ದಾಟುವ ಗಡಿಸೀಮೆಯವರಾದ ನಮಗೆ ಆಕೆಯ ಬಹುಭಾಷಿಕ ಬದುಕು ವಿಚಿತ್ರವೆನಿಸುವುದಿಲ್ಲ.

ಇಷ್ಟು ಹೆಸರು ಮಾಡಿದವಳ ಬದುಕಿನ ಉತ್ತರಾರ್ಧ ಕೋರ್ಟು ಕಚೇರಿಗಳಲ್ಲಿ ಸವೆಯಿತು. 1906ರಲ್ಲಿ ತಾಯಿ ತೀರಿಕೊಂಡ ಮೇಲೆ, ಮನೆಯಲ್ಲಿ ಬೆಳೆದಿದ್ದ ದಾಸಿಯ ಮಗನು ಆಸ್ತಿ ತನ್ನದೆಂದು ವ್ಯಾಜ್ಯ ಹೂಡಿದನು. ತಾನು ಯಾರ ಮಗಳೆಂಬುದನ್ನು ರುಜುವಾತುಪಡಿಸಲು, ಬಾಲ್ಯದಲ್ಲಿಯೇ ದೂರವಾದ ತಂದೆಯನ್ನು ಹುಡುಕಿ ತಂದು ಸಾಕ್ಷಿ ಹೇಳಿಸಬೇಕಾಯಿತು. ದೇಶವೆಲ್ಲ ಬಲ್ಲ ಹೆಸರು. ನ್ಯಾಯಾಲಯಕ್ಕೆ ಅದು ಸಾಲಲಿಲ್ಲ! ಗೆದ್ದದ್ದೂ ಮುಂದೆ ಕೈಯಲ್ಲಿ ನಿಲ್ಲಲಿಲ್ಲ. ನಂಬಿದವರೊಡನೆ ವ್ಯಾಜ್ಯ, ಸಾಲ, ಊರೂರು ಅಲೆತ.

ಕೊನೆಗೆ ಆಶ್ರಯ ಕೊಟ್ಟದ್ದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರು 1928ರ ಆಗಸ್ಟಿನಲ್ಲಿ ಆಕೆಯನ್ನು ತಿಂಗಳಿಗೆ 500 ರೂಪಾಯಿಯ ಸಂಬಳದ ಮೇಲೆ ಆಸ್ಥಾನ ಕಲಾವಿದೆಯಾಗಿ ನೇಮಿಸಿ, ವಾಸಕ್ಕೆ ದಿಲ್‌ಕುಶ್ ಎಂಬ ಬಂಗಲೆಯನ್ನು ಕೊಟ್ಟರು. ಒಂದೂವರೆ ವರ್ಷ ಕಳೆಯುವುದರೊಳಗೆ, 1930ರ ಜನವರಿ 17ರಂದು, ಅಲ್ಲಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಆಕೆ ತೀರಿಕೊಂಡಳು. ಅಂದು ಬೀದರಿಗೆ ಮೈಸೂರು ಬೇರೆ ರಾಜ್ಯ. 1956ರ ನವೆಂಬರ್ 1ರಂದು ಎರಡೂ ಒಂದಾದ ಮೇಲೆ, ನಮ್ಮ ಉರ್ದು ಕಿವಿಗೂ ಅವರ ಅರಮನೆಗೂ ಸೇರಿದ ಈ ದನಿ ಕರ್ನಾಟಕದ ಸಮಾನ ಆಸ್ತಿಯಾಯಿತೆಂದು ನಾನು ಎಣಿಸುತ್ತೇನೆ.

ಆಕೆ ತೆರೆದ ದಾರಿಯಲ್ಲಿ ನಮ್ಮವರೂ ನಡೆದರು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಹೊರಬಂದದ್ದು ಗಾಂಧಾರಿ ಹುಬ್ಬಳ್ಳಿ ಎಂಬ ಹೆಸರಿನಲ್ಲಿ. ಆ ದನಿ ಗಂಗೂಬಾಯಿ ಹಾನಗಲ್ ಎಂಬ ಹೆಸರಿನಿಂದ ಲೋಕಕ್ಕೆ ತಿಳಿಯಲು ಮತ್ತಷ್ಟು ಕಾಲ ಬೇಕಾಯಿತು. ಹೆಸರೆಂಬುದು ಕಲಾವಿದೆಗೆ ತಾನಾಗಿ ದಕ್ಕುವ ವಸ್ತುವಲ್ಲ.

2010ರಲ್ಲಿ ವಿಕ್ರಮ್ ಸಂಪತ್ ಅವರು ಗೌಹರಳ ಜೀವನಚರಿತ್ರೆಯನ್ನು ಪ್ರಕಟಿಸಿದಾಗ ಅದಕ್ಕೆ ಆಕೆಯ ಆ ಕೂಗನ್ನೇ ಹೆಸರಾಗಿ ಇಟ್ಟರು. ಇಂದು ಆ ಹಾಡುಗಳನ್ನು ಅಂಗೈಯ ಮೇಲಿನ ಫೋನಿನಲ್ಲಿ ಯಾರು ಬೇಕಾದರೂ ಕೇಳಬಹುದು. ಕೇಳುವಾಗ, ದಯಮಾಡಿ, ಆಕೆಯ ದನಿಯ ಹಿಂದೆ ಸಣ್ಣಗೆ ಮಿಡಿಯುವ ಸಾರಂಗಿಗೂ ಕಿವಿಗೊಡಿ. ಅದನ್ನು ನುಡಿಸಿದಾತನ ಹೆಸರನ್ನು ಆ ತಟ್ಟೆ ಹೇಳುವುದಿಲ್ಲ. ಔರಾದಿನ ಮದುವೆಯಲ್ಲಿ, ಭಾಲ್ಕಿಯ ಮೆರವಣಿಗೆಯಲ್ಲಿ ಬಿಸಿಲಲ್ಲಿ ನಿಂತು ಕ್ಲಾರಿಯೊನೆಟ್ ಊದುವ ಬ್ಯಾಂಡಿನವನ ಹೆಸರನ್ನೂ ಯಾರೂ ಬರೆದಿಡುತ್ತಿಲ್ಲ. ಅವನಿಗೆ ಎಲೆಯಡಿಕೆ, ಇನಾಮು ಕೊಡುವಾಗ ಹೆಸರನ್ನೂ ಒಮ್ಮೆ ಕೇಳುವುದು ನಮ್ಮಿಂದ ಆಗದ ಕೆಲಸವೇನಲ್ಲ.