ಒಂಬತ್ತೋ, ಹನ್ನೊಂದೋ?

ನಮ್ಮೂರಲ್ಲಿ ಗೇಜು ಅಂದ್ರೆ ಮೋಟಾರ್ ರೀವೈಂಡಿಂಗ್. ಬೋರ್‌ವೆಲ್ ಮೋಟಾರ್ ಸುಟ್ಟುಹೋದಾಗ ಅಪ್ಪ ಅದನ್ನ ಪೇಟೆಗೆ ಹೊತ್ತೊಯ್ದರೆ ಅಂಗಡಿಯವನು ತಾಮ್ರದ ತಂತಿ ತೋರಿಸಿ ನಂಬರ್ ಹೇಳೋನು. ನಂಬರ್ ದೊಡ್ಡದಾದಷ್ಟೂ ತಂತಿ ಸಣ್ಣ. ಈ ಲೆಕ್ಕ ತಲೇಲಿ ಎಷ್ಟು ಗಟ್ಟಿಯಾಗಿ ಕೂತಿತ್ತಂದ್ರೆ, ಕೆಲಸ ಸಿಕ್ಕಿ, ವಿಜಯನಗರದಲ್ಲಿ ರೂಮ್ ಮಾಡಿ, ಮೊದಲ ಎಲೆಕ್ಟ್ರಿಕ್ ಗಿಟಾರ್ ತಗೊಂಡಾಗ 9, 10, 11 ಅಂತ ಮೂರು ಪ್ಯಾಕೆಟ್ ನೋಡಿ, ಸಣ್ಣದಿರಲಿ ಅಂತ 11 ತಗೊಂಡೆ.

ನನ್ನ ಎಡಗೈ ತೋರುಬೆರಳಿನ ತುದಿ ರಾಗಿ ಕೊಯ್ಲಿನಲ್ಲಿ ಕುಡುಗೋಲಿಗೆ ಸಿಕ್ಕಿದ್ದು. ಅಲ್ಲಿ ಈಗಲೂ ಶಕ್ತಿ ಕಡಿಮೆ. ಮೂರು ವಾರ ಒತ್ತಿ ಒತ್ತಿ, ಇದು ನಮ್ಮಂಥವರಿಗಲ್ಲ ಅಂತ ಗಿಟಾರನ್ನ ಮಾರಾಟಕ್ಕೆ ಹಾಕಿದೆ. ಆಮೇಲೆ ಓದಿದ್ದು.

ರೀವೈಂಡಿಂಗ್ ಅಂಗಡಿಯ ಲೆಕ್ಕ ಬ್ರಿಟನ್ನಿನಲ್ಲಿ 1884ರಲ್ಲಿ ಜಾರಿಗೆ ಬಂದ ಸ್ಟ್ಯಾಂಡರ್ಡ್ ವೈರ್ ಗೇಜಿನದು. ತಂತಿಯನ್ನ ಡೈ ತೂತಿನಿಂದ ಎಳೆದೆಳೆದು ಸಣ್ಣ ಮಾಡ್ತಾರಲ್ಲ, ಎಳೆದಷ್ಟೂ ನಂಬರ್ ಏರುತ್ತೆ. ಗಿಟಾರ್ ನಂಬರ್ ಹಾಗಲ್ಲ, ಅದು ನೇರ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. 10 ಅಂದ್ರೆ 0.010 ಇಂಚು, ಸುಮಾರು ಕಾಲು ಮಿಲಿಮೀಟರ್. ನಮ್ಮ ಮೋಟಾರ್ ಅಂಗಡಿಯಲ್ಲಿ ಅದೇ ದಪ್ಪ 33ನೇ ನಂಬರ್! ಬಿಗಿತ ದಪ್ಪದ ವರ್ಗಕ್ಕೆ ತಕ್ಕಂತೆ ಏರೋದ್ರಿಂದ, ಅದೇ ಗಿಟಾರ್‌ನಲ್ಲಿ ಅದೇ ಶ್ರುತಿಗೆ 11ರ ಮೊದಲ ತಂತಿ 9ಕ್ಕಿಂತ ಹೆಚ್ಚು ಕಡಿಮೆ ಒಂದೂವರೆ ಪಟ್ಟು ಬಿಗಿ. ಬೆರಳು ನೋಯದೆ ಇನ್ನೇನು?

ಐವತ್ತರ ದಶಕದಲ್ಲಿ ಎಲ್ಲರಿಗೂ ಇದೇ ಪಾಡು. ಫೆಂಡರ್ ಟೆಲಿಕ್ಯಾಸ್ಟರ್ (1951), ಗಿಬ್ಸನ್ ಲೆಸ್ ಪಾಲ್ (1952) ಬಂದರೂ ತಂತಿ ಹಳೇ ಕಾಲದ್ದೇ. ದಪ್ಪ, ಮೂರನೆಯದಕ್ಕೂ ಮೇಲೊಂದು ಸುತ್ತು. ವೀಣೆಯವರಿಗೆ ಗೊತ್ತು, ತಂತಿ ಎಳೆದು ಗಮಕ ತೆಗೀಬೇಕಾದ್ರೆ ಅದು ಬಾಗಬೇಕು. ಸುತ್ತಿದ ದಪ್ಪ ತಂತಿ ಸುಲಭಕ್ಕೆ ಬಾಗಲ್ಲ. ಅಮೆರಿಕದ ಜೇಮ್ಸ್ ಬರ್ಟನ್ ಥರದ ಹುಡುಗರು ಬ್ಯಾಂಜೋ ತಂತಿ ತಂದು ಗಿಟಾರಿಗೆ ಹಾಕಿಕೊಂಡರು. ಇನ್ನು ಕೆಲವರು ಬ್ಯಾಂಜೋ ತಂತಿಯನ್ನ ಒಂದನೇ ಜಾಗಕ್ಕೆ ಹಾಕಿ, ಉಳಿದವನ್ನ ಒಂದೊಂದು ಜಾಗ ಕೆಳಗಿಳಿಸಿ, ಆರನೆಯದನ್ನ ಬಿಸಾಕಿದರು. ನಮ್ಮ ಭಾಷೇಲಿ ಜುಗಾಡು.

ಕ್ಯಾಲಿಫೋರ್ನಿಯಾದ ಟಾರ್ಜಾನಾದಲ್ಲಿ ಗಿಟಾರ್ ಅಂಗಡಿ ಇಟ್ಟಿದ್ದ ಅರ್ನಿ ಬಾಲ್ ಗಿರಾಕಿಗಳ ಈ ಗೋಳು ಕೇಳಿ ದೊಡ್ಡ ಕಂಪನಿಗೆ ಹೇಳಿ ನೋಡಿದ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ತಾನೇ ಮಾಡಿಸಿ 1962ರಲ್ಲಿ ಸ್ಲಿಂಕಿ ಅಂತ ಮಾರಿದ. ಇವತ್ತು ಅಂಗಡಿಯಲ್ಲಿ ನೇತಾಡೋ ಬಣ್ಣದ ಪ್ಯಾಕೆಟ್ ಅದೇ.

ನನಗೆ ತಾಗಿದ್ದು ಮಾತ್ರ ಟೋನಿ ಐಯೋಮಿ ಕಥೆ. ಬರ್ಮಿಂಗ್‌ಹ್ಯಾಮಿನ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ, 17ನೇ ವಯಸ್ಸಲ್ಲಿ, ಕೆಲಸದ ಕೊನೇ ದಿನ ಮಷೀನಿಗೆ ಸಿಕ್ಕಿ ಎರಡು ಬೆರಳ ತುದಿ ಹೋಯ್ತು. ಎಡಗೈ ವಾದಕನಾದ್ದರಿಂದ ಅವು ತಂತಿ ಒತ್ತೋ ಬಲಗೈ ಬೆರಳುಗಳೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ, ಬ್ಯಾಂಜೋ ತಂತಿ ಹಾಕಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನಲ್ಲಿ ಶ್ರುತಿಯನ್ನೂ ಒಂದೂವರೆ ಸ್ವರ ಇಳಿಸಿ ತಂತಿ ಇನ್ನೂ ಸಡಿಲ ಮಾಡಿದ. ಹೆವಿ ಮೆಟಲ್ಲಿನ ಆ ಭಾರದ ದನಿ ಬೆಳೆದದ್ದು ಇಲ್ಲಿಂದ. 2011ರ ಅಕ್ಟೋಬರ್ 30ಕ್ಕೆ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬಂದಾಗ ಕೆಂಗೇರಿ ಪಿಜಿಯಿಂದ ಬಿಎಂಟಿಸಿ ಬಸ್ಸು ಬದಲಾಯಿಸಿ ಹೋಗಿ ನಿಂತಿದ್ದವನು ನಾನು. ಎದೆಗೆ ಗುದ್ದಿದ ಆ ಸದ್ದಿನ ಹಿಂದೆ ತುಂಡು ಬೆರಳಿದೆ ಅಂತ ಆವತ್ತು ಯಾರಿಗೆ ಗೊತ್ತು?

ಬ್ರ್ಯಾಂಡ್ ಜಗಳ ನನಗೆ ಅಷ್ಟು ಅರ್ಥ ಆಗಲ್ಲ. ಇಟಲಿಯಲ್ಲಿ ಕರುಳಿನ ತಂತಿ ಹೊಸೀತಿದ್ದ ಮನೆತನದ ಡಾಡಾರಿಯೊ, ಈ ಅರ್ನಿ ಬಾಲ್, ಇಬ್ಬರ 10ರ ಸೆಟ್ಟೂ ಒಂದೇ: 10, 13, 17, 26, 36, 46. ಬೆವರು ಕೈಯವರು ಲೇಪನ ಇರೋ ಎಲಿಕ್ಸಿರ್ ತಗೊಳ್ಳಿ, ದುಬಾರಿ, ಆದ್ರೆ ಬಾಳಿಕೆ ಬರುತ್ತೆ. ಗಿಬ್ಸನ್ ಥರದ ಗಿಡ್ಡ ಸ್ಕೇಲಿನ ಗಿಟಾರ್ ಇದ್ರೆ 10 ಕೂಡ ಹಗುರವೇ.

ನಾನು 9 ಹಾಕಿದೆ. ಮಾರಾಟದ ಜಾಹೀರಾತು ತೆಗೆದೆ. ತೋರುಬೆರಳು ಅಡ್ಡ ಹಾಕಿ ಒತ್ತೋ ಎಫ್ ಕಾರ್ಡ್ ಮಾತ್ರ ಇನ್ನೂ ಪೂರ್ತಿ ಬರಲ್ಲ. ಎರಡನೇ ತಂತಿ ಈಗಲೂ ಟಪ್ ಅಂತ ಮೂಕಾಗುತ್ತೆ.